ತಿಂಡಿ ಬಿಟ್ಟವರ ತೂಕ

ನಮ್ಮ ಮನೆಗಳಲ್ಲಿ ಬೆಳಗಿನ ತಿಂಡಿಯನ್ನು ದಿನವೂ ಮುಂದೂಡುತ್ತ ಬಂದವರು ಜಿಮ್ಮಿಗೆ ಹೋಗುವ ಹುಡುಗರಲ್ಲ, ಅಡುಗೆಮನೆಯ ಹೆಂಗಸರು. ಗಂಡನ ಡಬ್ಬಿ, ಮಕ್ಕಳ ಡಬ್ಬಿ, ಅತ್ತೆಯ ಮಾತ್ರೆ, ದೇವರ ದೀಪ ಎಲ್ಲ ಮುಗಿದು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಹತ್ತೂವರೆ, ಹನ್ನೊಂದು. ಎಷ್ಟೋ ದಿನ ಅದೂ ಇಲ್ಲ. ಎರಡು ಲೋಟ ಕಾಫಿಯ ಬಲದಲ್ಲೇ ಮಧ್ಯಾಹ್ನ ಮುಟ್ಟುತ್ತಾರೆ. ತಿಂಡಿ ಬಿಟ್ಟರೆ ಸಣ್ಣಗಾಗುತ್ತೇವೆ ಎನ್ನುವುದು ಅಷ್ಟು ಸಲೀಸಾದ ಸತ್ಯವಾಗಿದ್ದರೆ ಇವರಲ್ಲಿ ಒಬ್ಬರಿಗೂ ಹೊಟ್ಟೆಯ ಸುತ್ತಳತೆಯ ಚಿಂತೆ ಇರಬಾರದಿತ್ತು.

ಇದೇ ಅಭ್ಯಾಸಕ್ಕೆ ಈಗ ‘ಹದಿನಾರು-ಎಂಟು’ ಎಂಬ ಹೆಸರು ಬಂದಿದೆ, ಲೆಕ್ಕ ಇಡಲು ಮೊಬೈಲ್ ಆ್ಯಪ್‌ಗಳೂ ಬಂದಿವೆ. ರಾತ್ರಿ ಎಂಟಕ್ಕೆ ಊಟ ಮುಗಿಸುವುದು, ಮರುದಿನ ಹನ್ನೆರಡರವರೆಗೆ ನೀರು, ಹೆಚ್ಚೆಂದರೆ ಹಾಲು ಸಕ್ಕರೆ ಹಾಕದ ಕಾಫಿ. ಸೊಂಟ ಕರಗುತ್ತದೆ, ಸಕ್ಕರೆ ಇಳಿಯುತ್ತದೆ, ಆಯುಸ್ಸು ಹೆಚ್ಚುತ್ತದೆ ಎಂಬ ಆಶ್ವಾಸನೆಗಳು ಜೊತೆಗೆ. ಎದುರು ಪಕ್ಷದವರ ಮಾತೂ ಅಷ್ಟೇ ಗಟ್ಟಿ: ತಿಂಡಿ ಬಿಟ್ಟರೆ ದೇಹದ ಯಂತ್ರ ನಿಧಾನವಾಗುತ್ತದೆ, ಮಧ್ಯಾಹ್ನ ಎರಡರಷ್ಟು ತಿನ್ನುತ್ತೀರಿ, ತೂಕ ಏರುತ್ತದೆ. ಎರಡನ್ನೂ ಪ್ರಯೋಗಗಳ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಸೊರಗುತ್ತವೆ. ನನ್ನ ತಕರಾರು ಅಲ್ಲಿಗೇ ನಿಲ್ಲುವುದಿಲ್ಲ. ಏನಾದರೂ ಬಿಡಲೇಬೇಕು ಎಂದು ಹೊರಟ ನಾವು ದಿನದ ತಪ್ಪು ತುದಿಯನ್ನು ಬಿಡುತ್ತಿದ್ದೇವೆ.

ತಿಂಡಿಯ ಪರ ವಿರೋಧ ಎರಡೂ ಹಳೆಯವು. ದಿನದ ಊಟಗಳಲ್ಲಿ ಬೆಳಗಿನದೇ ಮುಖ್ಯ ಎಂಬ ಮಾತನ್ನು 1917ರಲ್ಲಿ ಅಚ್ಚು ಹಾಕಿದ್ದು ಅಮೆರಿಕದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ‘ಗುಡ್ ಹೆಲ್ತ್’ ಪತ್ರಿಕೆ. ಅದರ ಸಂಪಾದಕ ಜಾನ್ ಹಾರ್ವೆ ಕೆಲಾಗ್, ಕಾರ್ನ್‌ಫ್ಲೇಕ್ಸ್ ಮನೆತನದವನು. ಅದಕ್ಕೂ ಮೊದಲು, 1900ರಲ್ಲಿ, ಎಡ್ವರ್ಡ್ ಡ್ಯೂಯಿ ಎಂಬ ಅಮೆರಿಕನ್ ವೈದ್ಯ ತಿಂಡಿಯನ್ನೇ ಬಿಡಿ ಎಂದು ಪುಸ್ತಕ ಬರೆದಿದ್ದ. ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ತಿಂಡಿ ತ್ಯಾಗದ ಸಂಘವೊಂದರ ಸುದ್ದಿ ಓದಿ ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ತಿಂಡಿ ಬಿಟ್ಟದ್ದು ಅವರ ಆತ್ಮಕಥೆಯಲ್ಲಿದೆ. ಮೊದಮೊದಲು ಕಷ್ಟವಾಯಿತು, ಆಮೇಲೆ ತಲೆನೋವು ಹೋಯಿತು, ಮಲಬದ್ಧತೆ ಮಾತ್ರ ಹೋಗಲಿಲ್ಲ ಎನ್ನುತ್ತಾರೆ. ಉಪಯೋಗವಾದದ್ದನ್ನೂ ಆಗದ್ದನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಗುಣ ಇವತ್ತಿನ ರೀಲ್ಸ್ ಗುರುಗಳಿಗೆ ಬಂದರೆ ನಮ್ಮ ಅರ್ಧ ಗೊಂದಲ ಕಡಿಮೆಯಾದೀತು.

ತಿಂಡಿ ಪಕ್ಷದವರ ಹಳೆಯ ಸಾಕ್ಷಿ ಅಮೆರಿಕದ ಒಂದು ದಾಖಲೆ ಪಟ್ಟಿ. ಹದಿಮೂರೂವರೆ ಕೆ.ಜಿ.ಗೂ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರ ಹೆಸರು ಅದರಲ್ಲಿವೆ. ಅಂಥ ಸುಮಾರು ಮೂರು ಸಾವಿರ ಜನರನ್ನು ವಿಚಾರಿಸಿ 2002ರಲ್ಲಿ ವರದಿ ಮಾಡಿದಾಗ ಶೇ. 78 ಮಂದಿ ದಿನವೂ ತಿಂಡಿ ತಿನ್ನುತ್ತಿದ್ದರು. ತಿಂಡಿಯಿಂದಲೇ ತೂಕ ನಿಂತಿತು ಎಂದು ಇದರಿಂದ ತೀರ್ಮಾನಿಸಿದವರಿಗೆ ಲೆಕ್ಕವಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುವವರು ಸಾಮಾನ್ಯವಾಗಿ ಹೊತ್ತಿಗೆ ಮಲಗುವವರು, ನಡೆಯುವವರು, ಸಿಗರೇಟು ಸೇದದವರು. ಮೈ ಬಂದಿದೆ ಎಂಬ ಕಾರಣಕ್ಕೇ ತಿಂಡಿ ಬಿಟ್ಟವರೂ ಬೇಕಾದಷ್ಟು ಇದ್ದಾರೆ. ಸಮೀಕ್ಷೆಯ ಕಣ್ಣಿಗೆ ಅವರು ತಿಂಡಿ ಬಿಟ್ಟು ಮೈ ಬರಿಸಿಕೊಂಡವರಂತೆ ಕಾಣುತ್ತಾರೆ. ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯಬೇಕಾದರೆ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ ಪ್ರಯೋಗ ನಡೆಸಬೇಕು.

ಅಂಥ ಪ್ರಯೋಗಗಳಲ್ಲಿ ನನಗೆ ಇವತ್ತಿಗೂ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 1992ರಲ್ಲಿ ಪ್ರಕಟಿಸಿದ್ದು. ಸ್ಥೂಲಕಾಯದ 52 ಹೆಂಗಸರು, ಎಲ್ಲರಿಗೂ ದಿನಕ್ಕೆ 1,200 ಕ್ಯಾಲೊರಿ, 12 ವಾರ. ಕೆಲವರಿಗೆ ತಿಂಡಿ ಉಂಟು, ಕೆಲವರಿಗಿಲ್ಲ. ಇಷ್ಟೇ ಆಗಿದ್ದರೆ ಅದು ಸಾಧಾರಣ ಪ್ರಯೋಗ. ಆದರೆ ಅವರು ಮೊದಲೇ ಒಂದು ಪ್ರಶ್ನೆ ಕೇಳಿಕೊಂಡಿದ್ದರು: ಇವರಿಗೆ ಮುಂಚಿನಿಂದ ತಿಂಡಿಯ ರೂಢಿ ಇತ್ತೋ ಇಲ್ಲವೋ? ರೂಢಿ ಇದ್ದವರು ಬಿಟ್ಟಾಗ 8.9 ಕೆ.ಜಿ. ಇಳಿದರು, ರೂಢಿ ಇದ್ದು ಮುಂದುವರಿಸಿದವರು 6.2 ಕೆ.ಜಿ. ಇನ್ನೊಂದು ಕಡೆ, ರೂಢಿ ಇಲ್ಲದವರು ತಿಂಡಿ ಶುರು ಮಾಡಿದಾಗ 7.7 ಕೆ.ಜಿ. ಇಳಿದರು, ಬಿಟ್ಟೇ ಇದ್ದವರು 6 ಕೆ.ಜಿ. ಗೆದ್ದದ್ದು ತಿಂಡಿಯೂ ಅಲ್ಲ, ಉಪವಾಸವೂ ಅಲ್ಲ, ಅಭ್ಯಾಸ ಬದಲಿಸಿಕೊಂಡವರು. ಪ್ರಯೋಗ ಸಣ್ಣದು, ಸಂಖ್ಯೆಗಳನ್ನು ಶಾಸನ ಎಂದು ತಿಳಿಯಬೇಕಿಲ್ಲ. ಆದರೂ ‘ನಾನು ತಿಂಡಿ ಬಿಟ್ಟೆ, ನಾಲ್ಕು ಕೆ.ಜಿ. ಇಳಿದೆ’ ಎನ್ನುವ ಗೆಳೆಯನೂ ‘ನಾನು ತಿಂಡಿ ಶುರು ಮಾಡಿ ಇಳಿದೆ’ ಎನ್ನುವ ಗೆಳತಿಯೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕಂಡಿಲ್ಲ. ಒಂದು ಅಭ್ಯಾಸ ಕದಲಿದಾಗ ಮನುಷ್ಯ ಸ್ವಲ್ಪ ಕಾಲ ತನ್ನ ತಟ್ಟೆಯನ್ನು ತಾನೇ ನೋಡಿಕೊಳ್ಳುತ್ತಾನೆ.

2014ರಲ್ಲಿ ಬಂದ 16 ವಾರಗಳ ದೊಡ್ಡ ಪ್ರಯೋಗದಲ್ಲಿ ಸುಮಾರು ಮುನ್ನೂರು ಜನರಿಗೆ ತಿಂಡಿ ತಿನ್ನಿ, ತಿನ್ನಬೇಡಿ ಎಂಬ ಸಲಹೆಯನ್ನಷ್ಟೇ ಕೊಟ್ಟರು. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2019ರಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 13 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ತಿಂಡಿ ತಿಂದವರು ದಿನದ ಕೊನೆಗೆ ಸರಾಸರಿ 260 ಕ್ಯಾಲೊರಿ ಹೆಚ್ಚು ತಿಂದಿದ್ದರು, ಬಿಟ್ಟವರು 0.44 ಕೆ.ಜಿ. ಹಗುರವಾಗಿದ್ದರು. ಮಧ್ಯಾಹ್ನ ಎರಡರಷ್ಟು ತಿನ್ನುತ್ತೀರಿ ಎಂಬ ಹೆದರಿಕೆಗೆ ಇಲ್ಲಿ ಆಧಾರವಿಲ್ಲ. ಹಾಗೆಂದು ಅರ್ಧ ಕೆ.ಜಿ.ಯೂ ಮುಟ್ಟದ ವ್ಯತ್ಯಾಸಕ್ಕೆ ಹಾರ ಹಾಕಿ ಮೆರವಣಿಗೆ ಮಾಡುವುದೂ ಅತಿಯೇ. ಹಿಂದಿನ ರಾತ್ರಿ ಉಪ್ಪಿನಕಾಯಿ ಜೋರಾಗಿದ್ದರೆ ಬೆಳಿಗ್ಗೆ ತಕ್ಕಡಿ ಅದಕ್ಕಿಂತ ಹೆಚ್ಚು ಏರುತ್ತದೆ. ಪ್ರಯೋಗಗಳ ಗುಣಮಟ್ಟವೂ ಹೆಚ್ಚಾಗಿ ಕಳಪೆ ಎಂದು ಆ ಲೇಖಕರೇ ಬರೆದಿದ್ದಾರೆ. ಸುದ್ದಿ ಮಾಡಿದವರು ಆ ಸಾಲನ್ನು ಹೆಚ್ಚಾಗಿ ಹಾರಿಸಿಬಿಟ್ಟರು.

ದೇಹದ ಯಂತ್ರ ನಿಧಾನವಾಗುವ ಕಥೆಯನ್ನು ಇಂಗ್ಲೆಂಡಿನ ಬಾತ್ ಊರಿನ ಸಂಶೋಧಕರು ಪರೀಕ್ಷೆಗೆ ಹಚ್ಚಿದರು. ಸಪೂರ ಮೈಯವರನ್ನು ಆರು ವಾರ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹನ್ನೊಂದರೊಳಗೆ 700 ಕ್ಯಾಲೊರಿ, ಇನ್ನೊಂದಕ್ಕೆ ಮಧ್ಯಾಹ್ನದವರೆಗೆ ನೀರು. ಸುಮ್ಮನೆ ಕೂತಾಗ ದೇಹ ಉರಿಸುವ ಶಕ್ತಿ ಎರಡರಲ್ಲೂ ಒಂದೇ. ಆದರೆ ತಿಂಡಿ ಬಿಟ್ಟವರು ಗೊತ್ತಿಲ್ಲದೆಯೇ ಕಡಿಮೆ ಓಡಾಡಿದರು. ತಿಂದವರು ಓಡಾಟದಲ್ಲೇ ದಿನಕ್ಕೆ 400 ಕ್ಯಾಲೊರಿಗೂ ಮೇಲೆ ಹೆಚ್ಚು ಖರ್ಚು ಮಾಡಿದರು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆಯಿಂದ ದೇಹ ಸದ್ದಿಲ್ಲದೆ ವಸೂಲಿ ಮಾಡಿತು. ಬೆಳಿಗ್ಗೆ ಲಿಫ್ಟು ಹತ್ತಿದೆವೋ ಮೆಟ್ಟಿಲು ಹತ್ತಿದೆವೋ ಎಂಬುದನ್ನು ಯಾವ ಉಪವಾಸದ ಆ್ಯಪೂ ಕೇಳುವುದಿಲ್ಲ.

ಇವೆಲ್ಲ ಹೆಚ್ಚಾಗಿ ಅಮೆರಿಕ, ಇಂಗ್ಲೆಂಡಿನ ಲೆಕ್ಕ. ಅಲ್ಲಿ ತಿಂಡಿ ಎಂದರೆ ಬಟ್ಟಲಿನಲ್ಲಿ ಸೀರಿಯಲ್, ಹಾಲು, ಬ್ರೆಡ್ಡು, ಮೊಟ್ಟೆ. ನಮ್ಮಲ್ಲಿ ತಿಂಡಿ ಎನ್ನುವುದಕ್ಕೆ ಒಂದು ಗಾತ್ರವಿಲ್ಲ. ಸಾಂಬಾರಿನ ಜೊತೆ ಎರಡು ಇಡ್ಲಿ ತಿಂದವನೂ ತಿಂಡಿ ತಿಂದವನೇ. ದರ್ಶಿನಿಯಲ್ಲಿ ಚೌಚೌ ಬಾತ್ ಮುಗಿಸಿ, ವಡೆ ಅದ್ದಿಕೊಂಡು, ಕಾಫಿ ಕುಡಿದವನೂ ಅದೇ ಲೆಕ್ಕ. ಮಂಡ್ಯದ ಕಡೆ ಬೆಳಗಿನ ಮುದ್ದೆ ಉಂಡು ಗದ್ದೆಗಿಳಿಯುವವನದು ತಿಂಡಿಯೇ ಅಲ್ಲ, ಪೂರಾ ಊಟ. ಎರಡನೆಯವನು ತಿಂಡಿ ಬಿಟ್ಟರೆ ತೂಕ ಇಳಿದೀತು. ಆದರೆ ಅವನು ಬಿಟ್ಟದ್ದು ಕೇಸರಿಬಾತಿನ ತುಪ್ಪ ಸಕ್ಕರೆಯನ್ನು, ಬೆಳಗ್ಗೆಯನ್ನಲ್ಲ. ಅನ್ನ, ರವೆ, ಅವಲಕ್ಕಿಯ ಸುತ್ತ ಸುತ್ತುವ ನಮ್ಮ ತಿಂಡಿಯಲ್ಲಿ ಬೇಳೆ ಕಾಳಿನ ಪಾಲು ಕಡಿಮೆ. ಬಿಡುವ ಮುಂಚೆ ಬದಲಿಸಿ ನೋಡಿ, ಪೆಸರಟ್ಟು, ಹೆಸರುಕಾಳಿನ ಉಸಲಿ ಮಾಡಿ ಎಂದು ಹೇಳುವ ಡಯಟಿಷಿಯನ್ನರ ಮಾತಿನಲ್ಲಿ ಹೊಸತೇನೂ ಇಲ್ಲ. ಬಹುಶಃ ಅದಕ್ಕೇ ಅದು ವೈರಲ್ ಆಗುವುದಿಲ್ಲ.

ಇನ್ನು ರಾತ್ರಿ. ಬೆಂಗಳೂರಿನ ಕಚೇರಿ ಜೀವನದಲ್ಲಿ ಊಟ ಒಂಬತ್ತೂವರೆ, ಹತ್ತು. ಅದಕ್ಕೂ ಮುಂಚೆ ಸಂಜೆಯ ಬಜ್ಜಿ, ಪಾನಿಪೂರಿ, ಟೀ ಬಿಸ್ಕತ್ತು. ಮಧ್ಯಾಹ್ನದವರೆಗೆ ಬಾಯಿ ಕಟ್ಟಿದವನಿಗೆ ಸಂಜೆ ಆರರ ಹೊತ್ತಿಗೆ ತಾನು ಏನೋ ಸಾಧಿಸಿದ್ದೇನೆ ಎಂಬ ಭಾವ, ಆ ಭಾವಕ್ಕೆ ಒಂದು ಪ್ಲೇಟು ಬಹುಮಾನ. ಹದಿನಾರು ಗಂಟೆಯನ್ನು ಎಣಿಸಿ ಉಳಿದ ಎಂಟರಲ್ಲಿ ಏನು ನಡೆಯಿತು ಎಂದು ಕೇಳದಿರುವುದೇ ಈ ಪದ್ಧತಿಯ ದೊಡ್ಡ ಲೋಪ.

ನಮ್ಮವರು ಹಿಂದೆ ಕತ್ತರಿ ಹಾಕಿದ್ದು ಇನ್ನೊಂದು ತುದಿಗೆ. ಶನಿವಾರವೋ ಸೋಮವಾರವೋ ಒಪ್ಪತ್ತು ಹಿಡಿದವರು ಮಧ್ಯಾಹ್ನ ಉಂಡು ರಾತ್ರಿಯ ಅನ್ನ ಬಿಡುತ್ತಿದ್ದರು. ರಾತ್ರಿ ಫಲಾಹಾರ ಎಂದು ತುಪ್ಪ ಸುರಿದ ಉಪ್ಪಿಟ್ಟು ಬಾರಿಸುವವರೂ ಇದ್ದರು, ಆ ಮಾತು ಬೇರೆ. ಮೂಡುಬಿದಿರೆ, ಶ್ರವಣಬೆಳಗೊಳದ ಕಡೆಯ ಜೈನ ಮನೆಗಳಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ವ್ರತ ಇಂದಿಗೂ ಇದೆ. ಅವರ ಕಾರಣ ಅಹಿಂಸೆ, ತೂಕವಲ್ಲ. ಆದರೆ ಗಡಿಯಾರದ ಲೆಕ್ಕಕ್ಕೆ ಅದು ಹದಿಮೂರು ಹದಿನಾಲ್ಕು ಗಂಟೆಯ ಉಪವಾಸವೇ, ಬೆಳಗಿನ ತಿಂಡಿಯನ್ನು ಇಟ್ಟುಕೊಂಡ ಉಪವಾಸ.

ಬೆಳಿಗ್ಗೆ ಹೆಚ್ಚು ತಿಂದು ರಾತ್ರಿ ಕಡಿಮೆ ಮಾಡಿದರೆ ಏನಾಗುತ್ತದೆ? ಇಸ್ರೇಲಿನಲ್ಲಿ 2013ರಲ್ಲಿ ನಡೆದ ಪ್ರಯೋಗವೊಂದು ಭಾರಿ ಲಾಭ ತೋರಿಸಿತು: 12 ವಾರದಲ್ಲಿ ಬೆಳಿಗ್ಗೆ 700 ಕ್ಯಾಲೊರಿ ತಿಂದ ಹೆಂಗಸರು 8.7 ಕೆ.ಜಿ., ಅದೇ 700 ಅನ್ನು ರಾತ್ರಿ ತಿಂದವರು 3.6 ಕೆ.ಜಿ. ಇಳಿದರು. ನಾನು ಇದನ್ನು ಅನುಮಾನದಿಂದಲೇ ಓದುತ್ತೇನೆ. ಸ್ಕಾಟ್ಲೆಂಡಿನ ಅಬರ್ದೀನಿನಲ್ಲಿ ಅಡುಗೆಯನ್ನೆಲ್ಲ ಸಂಶೋಧಕರೇ ಅಳೆದು ಕೊಟ್ಟು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಅಂತರ ಮಾಯವಾಗಿತ್ತು. ಎರಡೂ ಕ್ರಮದಲ್ಲಿ ಇಳಿದ ತೂಕ ಒಂದೇ. ಉಳಿದದ್ದು ಒಂದೇ ವ್ಯತ್ಯಾಸ: ಬೆಳಿಗ್ಗೆ ಹೆಚ್ಚು ತಿಂದಾಗ ದಿನವಿಡೀ ಹಸಿವು ಕಡಿಮೆ. ನಾಲ್ಕು ವಾರದ ಪ್ರಯೋಗದಲ್ಲಿ ಹಸಿವು ತೂಕಕ್ಕೆ ತಟ್ಟದೇ ಹೋಗಬಹುದು, ಊಟ ಅಳೆದು ಕೊಡುವವರಿರುತ್ತಾರೆ. ನಮ್ಮ ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಕೈ ನಮ್ಮದೇ, ಹಸಿವಿನ ಮಾತು ಅದಕ್ಕೆ ಬೇಗ ಕೇಳಿಸುತ್ತದೆ. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರನ್ನು ಇಡೀ ವರ್ಷ ಗಮನಿಸಿದಾಗ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ತಿಂದವರು 8 ಕೆ.ಜಿ., ಅಷ್ಟೇ ಕ್ಯಾಲೊರಿಯನ್ನು ಯಾವಾಗ ಬೇಕಾದರೂ ತಿಂದವರು 6.3 ಕೆ.ಜಿ. ಇಳಿದರು, ಸಂಖ್ಯಾಶಾಸ್ತ್ರ ಈ ಅಂತರವನ್ನು ಒಪ್ಪಲಿಲ್ಲ. ಇಳಿಸಿದ್ದು ಗಡಿಯಾರವಲ್ಲ, ಕಡಿಮೆ ಊಟ. ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ತಿನ್ನಿ, ಎಷ್ಟು ಬೇಕಾದರೂ ತಿನ್ನಿ ಎಂದು ಅಮೆರಿಕದಲ್ಲಿ 116 ಜನರಿಗೆ ಹೇಳಿ ನೋಡಿದ 2020ರ ಪ್ರಯೋಗದಲ್ಲಿ ಇಳಿದದ್ದು ಒಂದು ಕೆ.ಜಿ.ಗೂ ಕಡಿಮೆ. ನಮ್ಮೂರಲ್ಲಿ ಹದಿನಾರು-ಎಂಟು ಹಿಡಿದವರು ಮಾಡುತ್ತಿರುವುದು ಇದನ್ನೇ.

ಆದ್ದರಿಂದ ಬೆಳಿಗ್ಗೆ ಹಸಿವೇ ಆಗದವರು ತಿಂಡಿ ಬಿಡಲಿ, ಬಲವಂತದ ಇಡ್ಲಿ ಯಾರಿಗೂ ಬೇಕಿಲ್ಲ. ಹಸಿವಾಗುವವರು ತಿಂದು, ರಾತ್ರಿಯ ಊಟವನ್ನು ಏಳೂವರೆಗೆ ತರಲು ನೋಡಲಿ. ಅದು ತಿಂಡಿ ಬಿಡುವುದಕ್ಕಿಂತ ಕಷ್ಟ ಎಂದು ನನಗೂ ಗೊತ್ತು. ಮನೆಯವರೆಲ್ಲ ಒಟ್ಟಿಗೆ ಕೂರುವುದು ಆ ಒಂದು ಹೊತ್ತು ಮಾತ್ರ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಡಿಲವಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮಿಪಿರೈಡ್‌ನಂಥ ಮಾತ್ರೆಯನ್ನು ತಿಂಡಿಯ ಜೊತೆ ನುಂಗುವವರು ತಿಂಡಿಯನ್ನಷ್ಟೇ ಬಿಟ್ಟು ಔಷಧಿ ತೆಗೆದುಕೊಂಡರೆ ಹನ್ನೊಂದರ ಹೊತ್ತಿಗೆ ಸಕ್ಕರೆ ಕುಸಿದು ಬೆವರಿ, ನಡುಗಿ ಬೀಳಬಹುದು. ರಂಜಾನ್ ಬರುವ ಮುಂಚೆ ಉಪವಾಸ ಹಿಡಿಯುವ ರೋಗಿಗಳು ವೈದ್ಯರಲ್ಲಿಗೆ ಹೋಗುತ್ತಾರೆ, ಮಾತ್ರೆಯ ಪ್ರಮಾಣ, ಹೊತ್ತು ಎರಡನ್ನೂ ಬದಲಿಸಿಕೊಂಡು ಬರುತ್ತಾರೆ. ಆ್ಯಪ್ ನೋಡಿ ಸೋಮವಾರದಿಂದ ಹದಿನಾರು-ಎಂಟು ಶುರು ಮಾಡುವ ಸಕ್ಕರೆ ಕಾಯಿಲೆಯವರೂ ಭಾನುವಾರದೊಳಗೆ ಅದನ್ನೇ ಮಾಡಬೇಕು.