ಬೀಳದಿರುವುದಷ್ಟೇ ಸವಾರಿಯಲ್ಲ

ದೊಡ್ಡವರಿಗೆ ಸೈಕಲ್ ಕಲಿಸುವ ಒಳ್ಳೆಯ ಮೇಷ್ಟ್ರು ಮೊದಲು ಕೈಗೆತ್ತಿಕೊಳ್ಳುವುದು 15ರ ಸ್ಪ್ಯಾನರ್. ಎರಡೂ ಪೆಡಲ್ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಎಡಗಡೆಯ ಪೆಡಲ್‌ಗೆ ಉಲ್ಟಾ ತ್ರೆಡ್ ಇರುತ್ತದೆ, ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜೋರು ಮಾಡಿ ತ್ರೆಡ್ ಹಾಳುಮಾಡಿಕೊಳ್ಳುವವರುಂಟು. ಆಮೇಲೆ ಸೀಟು ಇಳಿಸುವುದು, ಕೂತಾಗ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗುವಷ್ಟು. ದುಪಟ್ಟಾ ಇದ್ದರೆ ಸೊಂಟಕ್ಕೆ ಬಿಗಿಯಾಗಿ ಕಟ್ಟುವುದು. ಇನ್ನು ಕಾಲಿನಿಂದ ನೆಲ ಒದೆಯುತ್ತಾ ಹೋಗಿ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಒದೆತಗಳ ನಡುವಿನ ಅಂತರ ಹೆಚ್ಚುತ್ತದೆ, ಕಾಲು ತಾನಾಗಿ ಮೇಲೇಳುತ್ತದೆ, ಸೈಕಲ್ ತೇಲುತ್ತಾ ಹೋಗುತ್ತದೆ. ಆಗಷ್ಟೇ ಪೆಡಲ್ ವಾಪಸ್ಸು ಬರುತ್ತದೆ, ಮೊದಲು ಒಂದು, ಆಮೇಲೆ ಇನ್ನೊಂದು.

ನಮ್ಮ ಕಡೆಯ ಪದ್ಧತಿ ಬೇರೆ. ಅಣ್ಣನೋ ಮಾವನೋ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತಾ ಹಿಂದೆ ಓಡಬೇಕು, ಮೇಲೆ ಕೂತವರು 'ಬಿಡಬೇಡ, ಬಿಡಬೇಡ' ಎಂದು ಕೂಗಬೇಕು. ಹಿಡಿದವರು ಹೇಳದೆ ಕೇಳದೆ ಕೈಬಿಟ್ಟಾಗ ಒಂದೋ ಸೈಕಲ್ ಬರುತ್ತದೆ, ಇಲ್ಲವೇ ಮಂಡಿ ತರಚುತ್ತದೆ. ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಚಕ್ರ ಮೈಭಾರದ ಅಡಿಗೆ ಬಂದು ನಿಲ್ಲುತ್ತದೆ. ಬ್ಯಾಲೆನ್ಸ್ ಅಂದರೆ ಅಷ್ಟೇ. ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದಿದ್ದರೆ ವಾಲಿದ್ದೇ ಮೈಗೆ ತಿಳಿಯುವುದಿಲ್ಲ, ಇನ್ನು ಕಲಿಯುವುದೇನು? ಎಂಟು ವರ್ಷದ ಹುಡುಗ ಬಿದ್ದರೆ ಮಣ್ಣು ಕೊಡವಿಕೊಂಡು ಏಳುತ್ತಾನೆ. ನಲವತ್ತೈದರ ಬ್ಯಾಂಕ್ ಮ್ಯಾನೇಜರಮ್ಮನಿಗೆ ಆ ಪದ್ಧತಿ ಆಗದು.

ಇಷ್ಟು ಕಲಿತ ದಿನವೇ ನಾವು ಕಲಿಕೆ ಮುಗಿಯಿತು ಎಂದುಕೊಳ್ಳುತ್ತೇವೆ. ನನ್ನ ತಕರಾರು ಇಲ್ಲಿಂದ ಶುರು. ತರಗತಿ ಹೆಚ್ಚು ಬೇಕಾಗಿರುವುದು ಸೈಕಲ್ ಬಾರದವರಿಗಲ್ಲ, ಬರುವವರಿಗೆ. ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಏರಿ ನಂದಿಬೆಟ್ಟದ ತಿರುವುಗಳನ್ನು ಒಂದೇ ಉಸಿರಿಗೆ ಹತ್ತುವ ಗೆಳೆಯರಿದ್ದಾರೆ. ಆದರೆ ಸೈಕಲ್ ಓಡುತ್ತಿರುವಾಗ ಒಮ್ಮೆ ಬಲಕ್ಕೆ ಹಿಂತಿರುಗಿ ನೋಡಿ ಎಂದರೆ ಹ್ಯಾಂಡಲ್ಲೂ ಬಲಕ್ಕೇ ಹೊರಳುತ್ತದೆ, ಹಿಂದಿನ ಬಸ್ಸಿನ ಹಾದಿಗೇ.

ಇದಕ್ಕೊಂದು ಚೆಂದದ ಅಭ್ಯಾಸವಿದೆ. ಖಾಲಿ ಮೈದಾನದಲ್ಲಿ ಸುಣ್ಣದ ಒಂದು ಗೆರೆ. ಅದರ ಮೇಲೆ ನೇರ ಹೋಗಬೇಕು. ಹಿಂದೆ ನಿಂತ ಮೇಷ್ಟ್ರು ಕೂಗಿದಾಗ ತಿರುಗಿ, ಅವರು ಎತ್ತಿ ಹಿಡಿದ ಬೆರಳೆಷ್ಟು ಎಂದು ಹೇಳಬೇಕು, ಚಕ್ರ ಗೆರೆ ಬಿಡಬಾರದು. ಸುಮ್ಮನೆ ಕತ್ತು ಆಡಿಸಿ ಮೋಸ ಮಾಡುವ ಹಾಗಿಲ್ಲ, ಬೆರಳು ಕಾಣಲೇಬೇಕು. ಇದು ಕೈವಶವಾದ ಮೇಲೆ ಒಂದು ಕೈ ಬಿಟ್ಟು ಸಿಗ್ನಲ್ ಕೊಡುವುದು. ಆಮೇಲೆ ಗಕ್ಕನೆ ನಿಲ್ಲಿಸುವುದು. ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗುತ್ತೇವೆ ಎಂದು ಹೆದರಿ ಹಿಂದಿನದನ್ನೇ ನಂಬಿದವರು ಬಹಳ. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನದಕ್ಕೇ. ಸೊಂಟ ಹಿಂದಕ್ಕೆ ಸರಿಸಿ ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಮೈಗೆ ರೂಢಿಸಿಕೊಳ್ಳಬೇಕು.

ಇಂಥದ್ದನ್ನು ಇಂಗ್ಲೆಂಡಿನವರು ಶಾಸ್ತ್ರವನ್ನಾಗಿಯೇ ಮಾಡಿಟ್ಟಿದ್ದಾರೆ. ಮಕ್ಕಳಿಗೆ ಸೈಕಲ್ ಪರೀಕ್ಷೆ ಅಲ್ಲಿ 1947ರಿಂದ ಇತ್ತು. 2007ರಲ್ಲಿ ಬೈಕಬಿಲಿಟಿ ಎಂಬ ಹೊಸ ಕ್ರಮ ಬಂತು, ಮೊದಲು ಮೈದಾನ, ಆಮೇಲೆ ವಾಹನ ಕಡಿಮೆ ಇರುವ ಬೀದಿ, ಕೊನೆಗೆ ದಟ್ಟ ಸಂಚಾರದ ರಸ್ತೆ. ಲಂಡನ್‌ನಲ್ಲಿ ವಾಸಿಸುವ, ಓದುವ, ದುಡಿಯುವ ದೊಡ್ಡವರಿಗೂ ನಗರ ಸಾರಿಗೆ ಸಂಸ್ಥೆಯ ಹಣದಲ್ಲಿ ಉಚಿತ ಪಾಠಗಳಿವೆ. ಎಲ್ಲದರ ತಿರುಳು ನಾಲ್ಕೇ ಮಾತು: ನೋಡು, ಜಾಗ ಹಿಡಿ, ಹೇಳು, ಯಾರಿಗೆ ಮೊದಲ ಹಕ್ಕು ಎಂದು ತಿಳಿ.

ಇದರಲ್ಲಿ 'ಜಾಗ ಹಿಡಿ' ಎಂಬುದು ನಮ್ಮವರನ್ನು ತಬ್ಬಿಬ್ಬು ಮಾಡುತ್ತದೆ. ಸೈಕಲ್‌ನವರು ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡಿರಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರೋ. ಜಾನ್ ಫ್ರಾಂಕ್ಲಿನ್ 1988ರಲ್ಲಿ ಬರೆದ 'ಸೈಕಲ್‌ಕ್ರಾಫ್ಟ್' ಇದನ್ನು ತಲೆಕೆಳಗು ಮಾಡಿತು. ಬ್ರಿಟನ್ನಿನ ರಸ್ತೆ ನಿಯಮಾವಳಿಯಾದ ಹೈವೇ ಕೋಡ್ 2022ರ ಜನವರಿಯಲ್ಲಿ ಇದನ್ನೇ ಬರೆದುಕೊಂಡಿತು: ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ದೂರವಿರಿ, ಸಣ್ಣ ಬೀದಿಯಲ್ಲಿ, ಕೂಡುರಸ್ತೆ ಹತ್ತಿರವಾದಾಗ ಲೇನಿನ ನಡುವಿಗೇ ಬನ್ನಿ, ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ಅಂತರ ಬಿಡಿ. ಅವರದೂ ನಮ್ಮ ಹಾಗೆ ಎಡಬದಿಯ ಸಂಚಾರ, ಹೀಗಾಗಿ ಪಾಠವನ್ನು ಕನ್ನಡಿಯಲ್ಲಿ ತಿರುಗಿಸಿ ಓದಬೇಕಿಲ್ಲ. ಬೆಂಗಳೂರಿನ ರಸ್ತೆಯ ಅಂಚಿನಲ್ಲಿ ಏನಿದೆ ನೋಡಿ: ಮರಳು, ಚರಂಡಿಯ ಜಾಲರಿ, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಸ್ಕೂಟರ್, ಗಕ್ಕನೆ ನಿಲ್ಲುವ ಆಟೋ. ಅಲ್ಲಿಗೆ ಸರಿದವರನ್ನು ಹಿಂದಿನ ಚಾಲಕ ಲೆಕ್ಕಕ್ಕೇ ಇಡುವುದಿಲ್ಲ. ನಡುವಿಗೆ ಬಂದವರಿಗೆ ಹಾರ್ನ್ ಹೊಡೆಯುತ್ತಾನೆ, ನಿಜ. ಹೊಡೆಯಲಿ, ಕಂಡಿದ್ದಾರೆ ಎಂದಾಯಿತಲ್ಲ. ಆದರೆ ಹೆದ್ದಾರಿಯಲ್ಲಿ, ಬಿರುಸಿನ ರಿಂಗ್ ರೋಡಿನಲ್ಲಿ ಈ ಧೈರ್ಯ ಸಲ್ಲದು.

ಅದೇ ಕೋಡ್ ಕಾರಿನವರಿಗೂ ಒಂದು ಬುದ್ಧಿ ಹೇಳಿದೆ: ಬಾಗಿಲನ್ನು ಅದರಿಂದ ದೂರದ ಕೈಯಲ್ಲಿ ತೆಗೆಯಿರಿ. ಬಲಬದಿಯ ಸೀಟಿನಲ್ಲಿ ಕೂತು ಎಡಗೈ ಚಾಚಿದರೆ ಮೈ ತಾನಾಗಿ ಹೊರಳಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಇವತ್ತೇ ಮಾಡಿ ನೋಡಬಹುದು, ಖರ್ಚಿಲ್ಲ. ಲಂಡನ್ ಪೊಲೀಸರ ಇನ್ನೊಂದು ಉಪಾಯವೂ ನನಗಿಷ್ಟ: ಸೈಕಲ್ ಸವಾರರನ್ನು ಲಾರಿಯ ಡ್ರೈವರ್ ಸೀಟಿಗೆ ಹತ್ತಿಸಿ ಕೂರಿಸುವುದು. ಎಡಪಕ್ಕದಲ್ಲಿ ಸೈಕಲ್ ನಿಲ್ಲಿಸಿದರೆ ಮೇಲಿನಿಂದ ಎಷ್ಟು ಕಾಣದು ಎಂದು ಒಮ್ಮೆ ಕಂಡವರು, ಎಡಕ್ಕೆ ತಿರುಗುವ ಲಾರಿಯ ಪಕ್ಕ ಮತ್ತೆ ನುಸುಳುವುದಿಲ್ಲ.

ಬಡ ದೇಶಕ್ಕೆ ಇದೆಲ್ಲ ದುಬಾರಿ ಎನ್ನುವವರಿಗೆ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ನೆನಪಿಸಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನ 'ಅರಿವೊಳಿ ಇಯಕ್ಕಂ', ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಬೆಂಬಲದೊಂದಿಗೆ, ಅಕ್ಷರದ ಜೊತೆಗೆ ಸೈಕಲ್ಲನ್ನೂ ಹೆಂಗಸರಿಗೆ ಕಲಿಸಿತು. ಕಲಿತವರು ಲಕ್ಷಕ್ಕೂ ಹೆಚ್ಚು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಕಷ್ಟು ಸಿಗಲಿಲ್ಲ, ಗಂಡಸರ ಸೈಕಲ್ಲೇ ಏರಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ, ಇದೇ ವಾಸಿ ಎಂದರು! ನಮ್ಮಲ್ಲಿ 2006-07ರಿಂದ ಹೈಸ್ಕೂಲ್ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು, ಒಳ್ಳೆಯ ಕೆಲಸ. ಜೊತೆಗೆ ರಸ್ತೆಯ ಪಾಠವೂ ಬಂದಿದ್ದರೆ ಆ ಮಕ್ಕಳು ಇವತ್ತು ರಸ್ತೆ ಬಲ್ಲ ದೊಡ್ಡವರಾಗಿರುತ್ತಿದ್ದರು.

ಸರ್ಕಾರವನ್ನೇ ಕಾಯುವುದು ಬೇಡ. ಬಡಾವಣೆಗೊಂದು ಡ್ರೈವಿಂಗ್ ಸ್ಕೂಲ್ ಇದೆ, ಅವರಿಗೆ ರಸ್ತೆ ನಿಯಮ ಗೊತ್ತು, ಕಲಿಸಿ ರೂಢಿಯಿದೆ. ಆ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಭಾನುವಾರ ಬೆಳಿಗ್ಗೆ ಎರಡು ಗಂಟೆ ದೊಡ್ಡವರ ಸೈಕಲ್ ತರಗತಿ ಶುರುಮಾಡಿ. ಫೀಸು ಇಡಿ, ಕೊಟ್ಟು ಬರುವವರಿದ್ದಾರೆ.