ಮೆರುಗಿನಡಿಯ ಚಿತ್ರ, ಮರೆಗೆ ಸರಿದ ಮಡಕೆ

ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳು ಮಡಚಿ ತಟ್ಟಿ ನೋಡುತ್ತಾರೆ. ಕಣ್ಣು ಒಪ್ಪಿದರೆ ಸಾಲದು, ಕಿವಿಯೂ ಕೈಯೂ ಒಪ್ಪಬೇಕು. ಅಮೆರಿಕದ ಸಿನ್ಸಿನಾಟಿಯಲ್ಲಿ ಹುಟ್ಟಿದ ರುಕ್‌ವುಡ್ ಪಾಟರಿಯ ಹೂದಾನಿಗಳನ್ನೂ ಹೀಗೇ ತಟ್ಟಿ ನೋಡಬೇಕು ಎನ್ನುವುದು ನನ್ನ ವಾದ. ಮಡಕೆಯನ್ನು ಚಿತ್ರಕಾರರ ಕೈಗೆ ಒಪ್ಪಿಸಿದ ಪಂಥ ಅದು. ಅದರ ಹೆಚ್ಚುಗಾರಿಕೆ, ಕೊರತೆ ಎರಡೂ ಅಲ್ಲಿಂದಲೇ ಹುಟ್ಟಿದವು.

1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಜಪಾನಿನ ಕುಂಬಾರಿಕೆ ಕಂಡು ಮನಸೋತವರಲ್ಲಿ ಸಿರಿವಂತ ಮನೆತನದ ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಒಬ್ಬರು. 1880ರಲ್ಲಿ ತಂದೆ ಕೊಡಿಸಿದ ಹಳೆಯ ಶಾಲಾ ಕಟ್ಟಡದಲ್ಲಿ ಅವರು ರುಕ್‌ವುಡ್ ಆರಂಭಿಸಿದರು. ಪಿಂಗಾಣಿಗೆ ಬಣ್ಣ ಬರೆಯುವುದು ಆ ಊರಿನ ಅನುಕೂಲಸ್ಥ ಮಹಿಳೆಯರ ಹವ್ಯಾಸವಾಗಿತ್ತು. ಅದು ಇಲ್ಲಿ ಸಂಬಳದ ಕಸುಬಾಯಿತು, ಬರೆದವರ ಅಂಕಿತ ಮಡಕೆಯ ತಳಕ್ಕೆ ಬಂತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಕೆಲಸದ ಬಗೆ ಹೀಗೆ: ತಿಗರಿಯಿಂದ ಇಳಿದ ಮಡಕೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಬೆರೆಸಿದ ತೆಳು ಮಣ್ಣಿನಿಂದ ಹೂವು, ಎಲೆ ಬರೆಯುವುದು, ಸುಟ್ಟು, ಮೇಲೆ ಪಾರದರ್ಶಕ ಮೆರುಗು ಕೊಟ್ಟು ಮತ್ತೆ ಸುಡುವುದು. ಹಿನ್ನೆಲೆಯ ಬಣ್ಣವನ್ನು ಕುಂಚದಲ್ಲಿ ಬಳಿಯದೆ ಊದುಕೊಳವೆಯಿಂದ ಸಿಂಪಡಿಸುವ ಉಪಾಯ ಅಲ್ಲಿ ಚಿತ್ರ ಬರೆಯುತ್ತಿದ್ದ ಲಾರಾ ಫ್ರೈ ಅವರದು. ಕತ್ತಿನ ಬಳಿಯ ಕಡುಗಂದು ಬಣ್ಣ ಒಡಲಿಗೆ ಇಳಿಯುತ್ತಾ ಜೇನಿನ ಬಣ್ಣಕ್ಕೆ ತಿರುಗುವುದು ಆ ಸಿಂಪಡಿಕೆಯಿಂದ. ಎಲ್ಲಿ ತಿರುಗಿತು ಎಂದು ಬೆರಳಿಟ್ಟು ತೋರಿಸಲಾಗದು. 1889ರಲ್ಲಿ ಫ್ರೈ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಅದನ್ನು ಉಳಿಸಿಕೊಳ್ಳಲು ರುಕ್‌ವುಡ್ ಮೇಲೆ ಹೂಡಿದ ದಾವೆಯಲ್ಲಿ 1898ರಲ್ಲಿ ಸೋತರು. ಆ ಹೂದಾನಿಗಳ ಸೊಬಗಿನಲ್ಲಿ ಫ್ರೈಗೆ ಸಲ್ಲಬೇಕಾದ ಪಾಲು ಸಲ್ಲಲಿಲ್ಲ ಎಂದೇ ನಾನು ಭಾವಿಸುತ್ತೇನೆ.

'ಸ್ಟ್ಯಾಂಡರ್ಡ್' ಎಂದು ಕರೆಸಿಕೊಂಡ ಈ ಹೊಳಪಿನ ಮೆರುಗು 1889ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನದ ಪದಕ ತಂದಿತು. ಆದರೆ ಮೆರುಗಿನಲ್ಲೇ ಹಳದಿ ಛಾಯೆ ಇದ್ದುದರಿಂದ ಬಿಳಿ ಬಿಳಿಯಾಗಿ ಉಳಿಯುತ್ತಿರಲಿಲ್ಲ, ನೀಲಿ ನೀಲಿಯಾಗಿ ಕಾಣುತ್ತಿರಲಿಲ್ಲ. ಒಂದನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಹತ್ತನ್ನು ಸಾಲಾಗಿ ಇಟ್ಟರೆ ಅದೇ ಕಂದು, ಅದೇ ಮುಸ್ಸಂಜೆ. ಜೇನ್ಸ್‌ವಿಲ್‌ನ ವೆಲ್ಲರ್ ಕಾರ್ಖಾನೆ ಇದನ್ನೇ ಅನುಕರಿಸಿ 'ಲೌವೆಲ್ಸಾ' ಹೆಸರಿನಲ್ಲಿ ರಾಶಿಗಟ್ಟಲೆ ಮಾಡಿ ಮಾರಿತು. ಅಷ್ಟು ಸಲೀಸಾಗಿ ನಕಲಿಗೆ ಸಿಕ್ಕಿತೆಂದರೆ ಶೈಲಿ ಆಗಲೇ ಅಚ್ಚಾಗಿತ್ತು.

ಇದೇ ಮೆರುಗಿನಡಿ ಬರೆದ ಅಮೆರಿಕದ ಮೂಲನಿವಾಸಿಗಳ ಮುಖಚಿತ್ರಗಳನ್ನು ಸಂಗ್ರಾಹಕರು ಇಂದಿಗೂ ಮುಗಿಬಿದ್ದು ಕೊಳ್ಳುತ್ತಾರೆ. ನನಗೆ ಅವು ಒಗ್ಗುವುದಿಲ್ಲ. ಛಾಯಾಚಿತ್ರ ನೋಡಿ ಬರೆದ ಮುಖ ಮಡಕೆಯ ಉಬ್ಬಿನ ಮೇಲೆ ಬಾಗುವಾಗ ಕೆನ್ನೆ ಮಣ್ಣಿನ ಮಾತು ಕೇಳುವುದಿಲ್ಲ. ಚಿತ್ರ ಅಂಟಿಸಿದಂತೆ ಉಳಿಯುತ್ತದೆ. ನೆಲ ಕಳೆದುಕೊಂಡ ಜನರ ಮುಖ ದಿವಾನಖಾನೆಯ ಅಲಂಕಾರವಾಯಿತಲ್ಲ ಎಂಬ ನೋವು ಬೇರೆ.

1894ರ 'ಐರಿಸ್' ಮೆರುಗಿಗೆ ಹಳದಿ ಛಾಯೆ ಇರಲಿಲ್ಲ. ನೀಲಿ, ಗುಲಾಬಿ, ಬಿಳಿ ಬಣ್ಣಗಳಿಗೆ ಉಸಿರು ಬಂತು. ಜಪಾನಿನಿಂದ ಬಂದು 1887ರಲ್ಲಿ ಸೇರಿದ್ದ ಕತಾರೊ ಶಿರಾಯಮದಾನಿಯ ಕೈಚಳಕವೂ ಇಲ್ಲಿ ಅರಳಿತು. ಹೂವಿನ ಕಾಂಡವನ್ನು ಹೂದಾನಿಯ ಬಾಗಿನ ಜತೆಯೇ ಓಡಿಸಬಲ್ಲ ಕೈ ಅದು. ಮಡಕೆ ದುಂಡಗಿದೆ ಎಂಬುದನ್ನು ಮರೆಯದ ಚಿತ್ರಕಾರರು ಆ ಕಾರ್ಖಾನೆಯಲ್ಲಿ ಹೆಚ್ಚಿರಲಿಲ್ಲ.

ರುಕ್‌ವುಡ್ ನಿಜವಾಗಿ ಗೆದ್ದದ್ದು 1904ರಲ್ಲಿ ಸೇಂಟ್ ಲೂಯಿ ಪ್ರದರ್ಶನಕ್ಕೆ ಒಯ್ದ 'ವೆಲ್ಲಮ್' ಮೆರುಗಿನಲ್ಲಿ. ಹೊಳಪಿಲ್ಲ, ಆದರೂ ಒಳಗಿನದು ಕಾಣುತ್ತದೆ. ಹಾಲಿನ ಕೆನೆಯಷ್ಟು ತೆಳುವಾದ ಮಬ್ಬು. ಕೆರೆ, ದಡದ ಮರಗಳು, ಆಚೆ ನಸುಗೆಂಪು ಆಕಾಶ ಇರುವ ಒಂದು ವೆಲ್ಲಮ್ ಹೂದಾನಿಯನ್ನು ಹತ್ತಿರದಿಂದ ನೋಡಿ. ನೀರಿನ ಮೇಲಿನ ಮಂಜಿನಲ್ಲಿ ಕುಂಚ ಬರೆದದ್ದು ಎಷ್ಟು, ಆವಿಗೆಯಲ್ಲಿ ಮೆರುಗು ತಾನೇ ಕೂಡಿಸಿದ್ದು ಎಷ್ಟು ಎಂದು ಬಿಡಿಸಿ ಹೇಳಲಾಗದು. ಅಲ್ಲಿಯವರೆಗೆ ಚಿತ್ರಕ್ಕೆ ಹಾಕಿದ ಗಾಜಾಗಿದ್ದ ಮೆರುಗು ಇಲ್ಲಿ ಚಿತ್ರದ ಹವೆಯೇ ಆಗಿದೆ. ಕೆಲವುಗಳ ಮೇಲೆ ಕೂದಲೆಳೆಯ ಬಿರುಕುಗಳೂ ಹಬ್ಬಿರುತ್ತವೆ. ಬೆಲೆ ಕಟ್ಟುವವರಿಗೆ ಅದು ದೋಷ. ನನ್ನ ಕಣ್ಣಿಗೆ ಅಲ್ಲ.

ಇಷ್ಟಾದರೂ ಕುಂಬಾರ ಎಲ್ಲಿ? ಅದೇ ಕಾಲದಲ್ಲಿ ಮಿಸಿಸಿಪಿಯ ಬಿಲಾಕ್ಸಿಯಲ್ಲಿ ಜಾರ್ಜ್ ಓರ್ ಕಾಗದದಷ್ಟು ತೆಳುವಾಗಿ ಮಡಕೆ ಎತ್ತಿ, ಹಸಿಯಿರುವಾಗಲೇ ಹಿಸುಕಿ, ತಿರುಚಿ, ಮಡಚುತ್ತಿದ್ದ. ಅವನ ಮಡಕೆಯಲ್ಲಿ ಬೆರಳು ಮಾತಾಡುತ್ತದೆ. ರುಕ್‌ವುಡ್‌ನಲ್ಲಿ ಆಕಾರಕ್ಕೆ ಒಂದು ಸಂಖ್ಯೆ ಮಾತ್ರ. 1900ರ ಒಂದು ಹೂದಾನಿಯನ್ನು ಬೋರಲು ಹಾಕಿದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಇಂಗ್ಲಿಷ್ ಅಕ್ಷರಗಳು, ಅವುಗಳ ಸುತ್ತ ವರ್ಷ ತಿಳಿಸುವ 14 ಜ್ವಾಲೆಗಳು, ಆಕಾರದ ಸಂಖ್ಯೆ, ಗಾತ್ರದ ಅಕ್ಷರ, ಚಿತ್ರಕಾರರ ಅಂಕಿತ. ಶಿರಾಯಮದಾನಿಯದಾದರೆ ಜಪಾನಿ ಲಿಪಿಯ ಸಹಿ. ತಿಗರಿಯ ಮೇಲೆ ಅದನ್ನು ಎತ್ತಿದವನ ಗುರುತು ಇರುವುದಿಲ್ಲ.

ಒಹಾಯೊದಲ್ಲಿ ಮಕ್ಕಳು, ನೆಂಟರು ಇರುವ ಕನ್ನಡಿಗರು ಈಗ ಬಹಳ. ಹೋದಾಗ ಸಿನ್ಸಿನಾಟಿ ಕಲಾ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಕೊಡಿ. ಕಂದು ಹೂದಾನಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ವೆಲ್ಲಮ್ ಇರುವಲ್ಲಿಗೆ ಹೋಗಿ, ಎದುರಿನಿಂದ ನೋಡಿದ ಮೇಲೆ ಪಕ್ಕಕ್ಕೂ ಸರಿದು ನೋಡಿ.