ಕಥಾಸಾಗರಕ್ಕೆ ಇಳಿಯುವ ಮೆಟ್ಟಿಲು

18 ಲಂಬಕ, 124 ತರಂಗಗಳುಳ್ಳ ಸೋಮದೇವನ ಕಥಾಸರಿತ್ಸಾಗರವನ್ನು ಎಲ್ಲಿಂದ ಓದತೊಡಗಬೇಕೆಂದು ರಾಜಾಜಿನಗರದ ತರುಣಮಿತ್ರರೊಬ್ಬರು ಕೇಳಿದರು. ಬಹುಜನರು 12ನೆಯ ಲಂಬಕದಲ್ಲಿ ಬೇತಾಳನಿಗೆ ಹೆಗಲು ಕೊಟ್ಟು, ಅವನ ಕಥೆ ಮುಗಿಯುತ್ತಲೇ ಗ್ರಂಥವನ್ನು ಮುಚ್ಚುವರು. ನಗೆಯನ್ನರಸುವವರು 10ನೆಯದರ ಮುಗ್ಧಕಥೆಗಳಿಗೆ ಹೋಗುವರು. ಅವು ಉಪ್ಪಿನಕಾಯಿ, ಅನ್ನವಲ್ಲ. ನನ್ನ ಮತದಲ್ಲಿ ಮೊದಲ ಲಂಬಕದ 6ನೆಯ ತರಂಗವೇ ತಕ್ಕ ಮೆಟ್ಟಿಲು. ಜಲಕ್ರೀಡೆಯಲ್ಲಿ ನೀರೆರಚಬೇಡವೆಂದ ರಾಣಿಯ ಮಾತಿನ ಸಂಧಿಯನ್ನು ಬಿಡಿಸಲರಿಯದ ಸಾತವಾಹನನು ಮೋದಕಗಳನ್ನು ತರಿಸುತ್ತಾನೆ! ರಾಣಿಯ ನಗೆಯಿಂದ ರಾಜನಿಗೆ ನಾಚಿಕೆ, ನಾಚಿಕೆಯಿಂದ ವ್ಯಾಕರಣದ ಪಣ, ಪಣದಲ್ಲಿ ಸೋತ ಗುಣಾಢ್ಯನಿಗೆ ಭಾಷಾತ್ಯಾಗ. ಕಡೆಗೆ 8ನೆಯ ತರಂಗದಲ್ಲಿ ಅವನ ಪೈಶಾಚಿಯ 6 ಲಕ್ಷ ಶ್ಲೋಕಗಳು ಅಗ್ನಿಗೆ ಆಹುತಿ. ಉಳಿದ 1 ಲಕ್ಷವೇ ಬೃಹತ್ಕಥೆ. ಅದನ್ನು ನಮ್ಮ ಗಂಗದೊರೆ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ಶಾಸನದಿಂದ ತಿಳಿಯುತ್ತದೆ. ಆ ಕೃತಿಯೂ ದೊರೆತಿಲ್ಲ. ಮಿತ್ರರು ಮೋದಕದಿಂದಲೇ ಆರಂಭಿಸಿದ್ದಾರೆ.